ದಿನಾ ಕುಣಿಯುವ ಕಾಲಿಗೆ ಬೇರೆ ವ್ಯಾಯಾಮ ಬೇಕೆ?

ಪ್ರಶ್ನೆ: ನಾವು ಡಬ್ಲಿನ್‌ನಲ್ಲಿದ್ದೇವೆ. 12 ವರ್ಷದ ಮಗಳು ವಾರಕ್ಕೆ ನಾಲ್ಕು ದಿನ ಐರಿಶ್ ನೃತ್ಯದ ಕ್ಲಾಸಿಗೆ ಹೋಗುತ್ತಾಳೆ. ಅಷ್ಟೆಲ್ಲ ಜಿಗಿಯುವವಳಿಗೆ ಕಾಲು ಗಟ್ಟಿಯಾಗಲೆಂದು ಮತ್ತೆ ವ್ಯಾಯಾಮ ಮಾಡಿಸಬೇಕೆ?

ಉತ್ತರ: ಮಾಡಿಸಿ. ಕುಣಿತ ಕಾಲನ್ನು ಚೆನ್ನಾಗಿಯೇ ದುಡಿಸುತ್ತದೆ, ಆದರೆ ದುಡಿಸಿದ್ದನ್ನೇ ದುಡಿಸುತ್ತದೆ.

ನಮ್ಮ ಭರತನಾಟ್ಯದವರು ಅರೆಮಂಡಿಯಲ್ಲಿ ನಿಂತೇ ಅರ್ಧ ಕುಣಿತ ಮುಗಿಸುತ್ತಾರೆ. ಐರಿಶ್ ನೃತ್ಯದಲ್ಲಿ ಇದು ತಿರುಗುಮುರುಗು. ಬೆನ್ನು ನೆಟ್ಟಗೆ, ಕೈ ಪಕ್ಕಕ್ಕೆ ಅಂಟಿದಂತೆ. ಎಷ್ಟೇ ಎತ್ತರಕ್ಕೆ ಜಿಗಿದರೂ ಮಂಡಿ ಹೆಚ್ಚು ಬಗ್ಗಿಸದೆ ತುದಿಗಾಲಲ್ಲಿ ಇಳಿಯಬೇಕು. ಮಂಡಿ, ತೊಡೆ ಹೊರಬೇಕಾದ ಪೆಟ್ಟನ್ನು ಮೀನಖಂಡ, ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು, ಪಾದದ ಸಣ್ಣ ಮೂಳೆಗಳು ಹೊರುತ್ತವೆ. ಹುಡುಗಿಯರ ಮೆತ್ತನೆ ಶೂ ಎಂದರೆ ತೆಳು ಚರ್ಮ, ದಾರ, ಅಷ್ಟೇ.

ಹಾಗಾಗಿ ಮೊದಲ ಪಾಲು ಮೀನಖಂಡಕ್ಕೆ. ಗೋಡೆಗೆ ಬೆರಳು ತಾಗಿಸಿ ನಿಂತು ಎರಡೂ ಕಾಲಲ್ಲಿ ಹಿಮ್ಮಡಿ ಎತ್ತಲಿ, ಮೇಲೆ ಹೋದಮೇಲೆ ಭಾರವನ್ನು ಒಂದೇ ಕಾಲಿಗೆ ಬಿಟ್ಟು ನಾಲ್ಕು ಎಣಿಸುತ್ತ ಇಳಿಯಲಿ. ಫಲ ಇರುವುದು ಈ ನಿಧಾನದ ಇಳಿತದಲ್ಲೇ. ಮಕ್ಕಳು ಧಡಕ್ಕನೆ ಇಳಿದು ಲೆಕ್ಕ ಮುಗಿಸುವುದೂ ಇಲ್ಲೇ. ಅದನ್ನೇ ಮಂಡಿ ಸ್ವಲ್ಪ ಬಗ್ಗಿಸಿಕೊಂಡು ಇನ್ನೊಮ್ಮೆ ಮಾಡಬೇಕು. ಕಾಲು ನೇರವಿದ್ದಾಗ ಮೇಲಿನ ದಪ್ಪ ಸ್ನಾಯು ಮುಂದಾಗುತ್ತದೆ, ಬಗ್ಗಿದಾಗ ಅದರಡಿ ಅಡಗಿರುವ ಸೋಲಿಯಸ್‌ಗೆ ಕೆಲಸ ಬೀಳುತ್ತದೆ. ಹತ್ತರಿಂದ ಶುರುಮಾಡಿ 15ಕ್ಕೆ ಏರಿಸಿ, ಮೂರು ಸುತ್ತು, ದಿನ ಬಿಟ್ಟು ದಿನ ಸಾಕು. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ಕೆಳಕ್ಕೆ ಇಳಿಬಿಡುವುದು ದೊಡ್ಡವರ ವರಸೆ. ಬೆಳೆಯುವ ವಯಸ್ಸಲ್ಲಿ ಹಿಮ್ಮಡಿ ಮೂಳೆ ಇನ್ನೂ ಪೂರ್ತಿ ಕೂಡಿರುವುದಿಲ್ಲ. ಅಲ್ಲಿ ನೋವಿದ್ದರಂತೂ ಮೆಟ್ಟಿಲು ಬೇಡ.

ಇನ್ನು ಸೊಂಟ. ಕನ್ನಡಿ ಮುಂದೆ ಒಂಟಿಕಾಲಲ್ಲಿ ನಿಲ್ಲಿಸಿ ಸ್ವಲ್ಪ ಕುಕ್ಕರಿಸಲು ಹೇಳಿ. ಮಂಡಿ ಒಳಕ್ಕೆ ವಾಲಿದರೆ ಸೊಂಟದ ಪಕ್ಕದ ಸ್ನಾಯು ಸೋತಿರುವ ಸಾಧ್ಯತೆ ಹೆಚ್ಚು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು, ಅಂಗಾತ ಮಲಗಿ ಸೊಂಟ ಎತ್ತುವುದು ಇದಕ್ಕೆ ಸಾಕು. ಕಾಲು ಉಳುಕದಿರಲು ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲಲಿ. ಅದು ಸಲೀಸಾದಮೇಲೆ ಕಣ್ಣು ಮುಚ್ಚಿ, ಆದರೆ ಬ್ರಷ್ ಬಾಯಲ್ಲಿಟ್ಟುಕೊಂಡಲ್ಲ!

ಡ್ಯಾನ್ಸ್ ಟೀಚರಿಗೆ ವಿಚಿತ್ರ ಅನ್ನಿಸಬಹುದಾದ ಒಂದು ಅಭ್ಯಾಸವೂ ಇದೆ: ಗೇಣೆತ್ತರದ ಮಣೆಯಿಂದ ಹಾರಿ, ಮಂಡಿ ಬಗ್ಗಿಸಿ, ಸದ್ದಾಗದಂತೆ ಇಳಿಯುವುದು. ವೇದಿಕೆ ಮೇಲೆ ಅದು ನಡೆಯದು, ನಿಜ. ಆದರೆ ಪೆಟ್ಟನ್ನು ತೊಡೆ, ಸೊಂಟಕ್ಕೆ ಹಂಚುವುದನ್ನು ಮೈ ಎಲ್ಲಾದರೂ ಕಲಿಯಬೇಕಲ್ಲ. ಕ್ಲಾಸ್ ಮುಗಿದು ಸುಸ್ತಾಗಿರುವಾಗ ಇದನ್ನು ಮಾಡಿಸಬೇಡಿ. ಫೆಶ್ ಸ್ಪರ್ಧೆ ಇರುವ ವಾರ ಹೊಸ ವ್ಯಾಯಾಮ ಶುರುಮಾಡಬೇಡಿ. ಗಟ್ಟಿ ಶೂ ತೊಟ್ಟು ಅಡುಗೆಮನೆಯ ಟೈಲ್ಸ್ ಮೇಲೆ ಅಭ್ಯಾಸ ಮಾಡುವುದನ್ನಂತೂ ಇವತ್ತೇ ನಿಲ್ಲಿಸಿ.

ಸ್ನಾಯು ಬಿಗಿದು ಎರಡು ದಿನ ನೋವಾದರೆ ಗಾಬರಿ ಬೇಡ. ಆದರೆ ಪಾದದಲ್ಲೋ ಮೊಣಕಾಲ ಕೆಳಗಿನ ಮೂಳೆಯಲ್ಲೋ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವಿದ್ದು, ಕುಣಿದಷ್ಟೂ ಹೆಚ್ಚಾಗುತ್ತಿದ್ದರೆ, ಅದು ಮೂಳೆಯ ಕೂದಲೆಳೆ ಬಿರುಕಾಗಿರಬಹುದು. ಕುಣಿತ, ವ್ಯಾಯಾಮ ಎರಡನ್ನೂ ಬಿಡಿಸಿ ವೈದ್ಯರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದರೂ ನೋವು ಉಳಿದಿದ್ದರೆ ಮತ್ತೆ ಹೋಗಿ. ಇಂಥ ಬಿರುಕು ಮೊದಲ ವಾರಗಳ ಎಕ್ಸ್‌ರೇಗೆ ಎಷ್ಟೋ ಸಲ ಸಿಗುವುದಿಲ್ಲ.