ಟ್ರ್ಯಾಪ್‌ನ ಬೋಗುಣಿ ನೋಡಿ ಹೊಲಕ್ಕಿಳಿಯಿರಿ

“ಲೈಟ್ ಟ್ರ್ಯಾಪ್ ಹಾಕಿದೀನಿ ಸಾರ್, ಆದ್ರೂ ಹುಳ ಕಮ್ಮಿ ಆಗ್ಲಿಲ್ಲ.” ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಹೋದಾಗೆಲ್ಲ ಈ ಮಾತು ಕೇಳುತ್ತೇನೆ. ಲೈಟ್ ಟ್ರ್ಯಾಪ್ ಅಂದರೆ ರಾತ್ರಿ ಹಾರುವ ಹುಳ ಸೆಳೆಯುವ ದೀಪ, ಅದರ ಕೆಳಗೆ ಹುಳ ಬೀಳಲು ಸೋಪಿನ ನೀರಿನ ಬೋಗುಣಿ. ಕಮ್ಮಿ ಆಗುವುದೂ ಇಲ್ಲ ಬಿಡಿ. ಬಲೆಗೆ ಬೀಳುವ ಹೆಣ್ಣು ಪತಂಗಗಳಲ್ಲಿ ಎಷ್ಟೋ ಆಗಲೇ ಮೊಟ್ಟೆ ಇಟ್ಟು ಬಂದಿರುತ್ತವೆ. ದೀಪ ಹಾಕುವುದು ಹುಳ ಸಾಯಿಸಲಿಕ್ಕಲ್ಲ, ಹುಳ ಬಂತೆಂದು ತಿಳಿಯಲಿಕ್ಕೆ.

ಅವರೆ ಹೂವಿಗೆ ಬಂದಿದೆ ಅಂದುಕೊಳ್ಳಿ. ಕಾಯಿಕೊರಕದ ಪತಂಗ ದಿನಕ್ಕೆ ಒಂದೋ ಎರಡೋ ಬೀಳುತ್ತಿದ್ದದ್ದು ಇದ್ದಕ್ಕಿದ್ದಂತೆ ಜಾಸ್ತಿಯಾಯಿತು. ಅಲ್ಲಿಂದ 3-5 ದಿನದಲ್ಲಿ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ಆಗಲೇ ಹೊಲಕ್ಕಿಳಿದು ಮೊಗ್ಗು, ಹೂವು ನೋಡಬೇಕು. ಮರಿಹುಳು ಚಿಕ್ಕದಿದ್ದಾಗ ಬೇವಿನ ಕಷಾಯವಾಗಲಿ ಎನ್‌ಪಿವಿ (ಮರಿಹುಳುವಿಗೆ ರೋಗ ತರುವ ವೈರಸ್) ಆಗಲಿ ಕೆಲಸ ಮಾಡುತ್ತದೆ. ಕಾಯಿಯೊಳಗೆ ತಲೆ ತೂರಿಸಿದ ಮೇಲೆ ಎಷ್ಟು ಹೊಡೆದರೂ ದುಡ್ಡು ದಂಡ.

ಈ ಪತಂಗದ ಗುರುತು ಕಷ್ಟವಲ್ಲ. ಮುಂದಿನ ರೆಕ್ಕೆ ಕಂದು-ಹಳದಿ, ಅದರಲ್ಲಿ ಹುರುಳಿಕಾಳಿನಂಥ ಒಂದು ಕಪ್ಪು ಮಚ್ಚೆ. ಹಿಂದಿನ ರೆಕ್ಕೆ ಬಿಳಿಚು, ಅಂಚಿಗೆ ಅಗಲವಾದ ಕಪ್ಪು ಪಟ್ಟಿ. ಬೋಗುಣಿಯಲ್ಲಿ ಬಿದ್ದದ್ದೆಲ್ಲ ಶತ್ರುವಲ್ಲ, ಅಲ್ವಾ? ಸಸ್ಯಹೇನು ತಿನ್ನುವ ಲೇಸ್‌ವಿಂಗ್, ಮರಿಹುಳು ಹಿಡಿಯುವ ನೆಲದ ದುಂಬಿಗಳೂ ಬೆಳಕಿಗೆ ಬರುತ್ತವೆ. ಅದಕ್ಕೇ ಸಂಜೆ 7ರಿಂದ 10ರವರೆಗೆ ಉರಿಸಿದರೆ ಸಾಕು. ರಾತ್ರಿಯಿಡೀ ಬೇಡ.

ನಮ್ಮ ಬೆಂಗಳೂರಿನ ಸುತ್ತ ಇನ್ನೊಂದು ತಾಪತ್ರಯ ಇದೆ. ಹೊಲದ ಪಕ್ಕದಲ್ಲೇ ಲೇಔಟ್, ಲೇಔಟ್ ತುಂಬ ಬೀದಿದೀಪ. ಸುತ್ತ ಬೆಳಕಿದ್ದರೆ ಟ್ರ್ಯಾಪ್‌ನ ದೀಪ ಮಂಕಾಗುತ್ತದೆ, ಹುಳ ಕಮ್ಮಿ ಬೀಳುತ್ತದೆ. ಹುಣ್ಣಿಮೆಯ ಆಸುಪಾಸಿನಲ್ಲೂ ಹಾಗೆಯೇ. ಜೋರು ಗಾಳಿ, ಮಳೆ ಇದ್ದರೂ ಅಷ್ಟೇ. ಅಂಥ ದಿನ ಬೋಗುಣಿ ಖಾಲಿ ಕಂಡಿತೆಂದು ನಿರಾಳವಾಗಬೇಡಿ. ಹೊಲದ ಕತ್ತಲ ಮೂಲೆ ಆರಿಸಿ, ಬೆಳೆಗಿಂತ ಸ್ವಲ್ಪ ಎತ್ತರಕ್ಕೆ ಕಟ್ಟಿ, ಆಮೇಲೆ ಜಾಗ ಬದಲಿಸಬೇಡಿ. ಪಕ್ಕದ ಹೊಲದವರ ಲೆಕ್ಕಕ್ಕೆ ನಿಮ್ಮದನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ನಿಮ್ಮ ನಿನ್ನೆಯ ಲೆಕ್ಕಕ್ಕೆ ಇವತ್ತಿನದನ್ನು ಹೋಲಿಸಿ. ಕ್ಯಾಲೆಂಡರ್‌ನ ಆ ದಿನದ ಚೌಕದಲ್ಲೇ ಸಂಖ್ಯೆ ಬರೆದರೂ ನಡೆಯುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹೇಗೂ ಅಲ್ಲೇ ಇರುತ್ತದೆ!

ದೀಪದಿಂದ ನಿಜಕ್ಕೂ ಹುಳ ಹಿಡಿದು ತೆಗೆಯಲು ಆಗುವುದು ಬೇರು ತಿನ್ನುವ ಗೊಣ್ಣೆಹುಳುವಿನ ದುಂಬಿ ಏಳುವಾಗ. ಏಪ್ರಿಲ್-ಮೇ ತಿಂಗಳ ಮೊದಲ ಜೋರು ಮಳೆ ಆದ ಸಂಜೆಗಳಲ್ಲಿ ಅವು ಮಣ್ಣಿಂದ ಎದ್ದು ಬೇವಿನ ಮರಕ್ಕೆ ಮುತ್ತುತ್ತವೆ. ಎಲೆ ತಿಂದು, ಜೋಡಿಯಾಗಿ, ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಆ ಹೊತ್ತಿಗೆ ದೀಪ ಹಚ್ಚಿ, ಕೊಂಬೆ ಅಲ್ಲಾಡಿಸಿ, ಬಿದ್ದದ್ದನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಒಬ್ಬರೇ ಮಾಡಿದರೆ ಪ್ರಯೋಜನ ಕಮ್ಮಿ. ಊರೇ ಸೇರಬೇಕು.

ಟೊಮೆಟೊದ ಬಿಳಿನೊಣಕ್ಕೆ ದೀಪ ಬೇಡ, ಹಳದಿ ಅಂಟು ಹಾಳೆ ಕಟ್ಟಿ. ಮಾವಿನ ಹಣ್ಣುನೊಣ ಹಗಲು ಹಾರಾಡುತ್ತದೆ, ಅದಕ್ಕೆ ಗಂಡು ನೊಣವನ್ನು ವಾಸನೆಯಿಂದ ಸೆಳೆಯುವ ಮೀಥೈಲ್ ಯೂಜಿನಾಲ್ ಬಲೆ ಬೇರೆ.

ಗುರುತು ಸಿಗದ ಪತಂಗ ಬಿದ್ದರೆ ಸೋಪಿನ ನೀರಿಂದ ತೆಗೆದದ್ದನ್ನು ತರಬೇಡಿ. ರೆಕ್ಕೆಯ ಪುಡಿ ಉದುರಿ ಮಚ್ಚೆಯೇ ಅಳಿಸಿರುತ್ತದೆ. ದೀಪದ ಹತ್ತಿರ ಕೂತದ್ದನ್ನು ಒಣ ಡಬ್ಬಿಯಲ್ಲಿ ಹಿಡಿದು, ಸಿಕ್ಕ ದಿನ, ಬೆಳೆಯ ಹೆಸರು ಬರೆದು ಜಿಕೆವಿಕೆಯ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ) ಕೀಟಶಾಸ್ತ್ರ ವಿಭಾಗದಲ್ಲಿ ತೋರಿಸಿ.