ಪೇಚ್ ಊರಿನ ಹೊಳೆಯುವ ಮಣ್ಣು

ದಕ್ಷಿಣ ಹಂಗೇರಿಯ ಪೇಚ್ ಊರಿನ ನಡುವೆ ಒಂದು ಕಾರಂಜಿ ಇದೆ. ನಾಲ್ಕು ಎತ್ತಿನ ತಲೆಗಳ ಬಾಯಿಂದ ನೀರು ಸುರಿಯುತ್ತದೆ. ಎದುರು ನಿಂತರೆ ಹಸಿರು, ಒಂದು ಹೆಜ್ಜೆ ಸರಿದರೆ ಬಂಗಾರ, ಇನ್ನೊಂದು ಹೆಜ್ಜೆಗೆ ನೇರಳೆ. ಮಳೆಗಾಲದಲ್ಲಿ ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದ ಜೀರ್ಜಿಂಬೆಯ ಬೆನ್ನಿನ ಹಾಗೆ. ಅದು ಲೋಹವಲ್ಲ, ಸುಟ್ಟ ಮಣ್ಣು. ಮಾಡಿದ್ದು ಅದೇ ಊರಿನ ಝೋಲ್ನಾಯ್ ಕಾರ್ಖಾನೆ.

1853ರಲ್ಲಿ ಮಿಕ್ಲೋಶ್ ಝೋಲ್ನಾಯ್ ಅನ್ನುವ ವರ್ತಕರು ಇದನ್ನು ಶುರು ಮಾಡಿದರು. ಹೆಸರು ತಂದುಕೊಟ್ಟವರು ಮಗ ವಿಲ್ಮೋಶ್. ಅವರಿಗೆ ಚಿತ್ರಕಾರನಾಗುವ ಆಸೆಯಿತ್ತು, ಅಪ್ಪ ಅಂಗಡಿಯಲ್ಲಿ ಕೂರಿಸಿದರು. ಆ ಆಸೆ ಮಣ್ಣಿನಲ್ಲಿ ಮೊಳಕೆ ಒಡೆಯಿತು ಅಂತಲೇ ನನಗನ್ನಿಸುತ್ತದೆ. ವಿಲ್ಮೋಶ್ ಅವರ ಹೆಣ್ಣುಮಕ್ಕಳಾದ ತೆರೇಜ್ ಮತ್ತು ಯೂಲಿಯಾ ವಿನ್ಯಾಸಕ್ಕೆ ಕೂತರು. ಹಳ್ಳಿ ಹೆಂಗಸರ ಕಸೂತಿ ಹೂವುಗಳು ಹೂದಾನಿಗಳ ಮೇಲೆ ಅರಳಿದವು. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು.

ಇಷ್ಟಕ್ಕೇ ವಿಲ್ಮೋಶ್ ಸುಮ್ಮನಾಗಲಿಲ್ಲ. ಇಟಲಿಯ ಗುಬ್ಬಿಯೋ ಊರಿನ ಹಳೆಯ ಕುಂಬಾರರ ಕೆಂಪು ಹೊಳಪಿನ ಗುಟ್ಟು ಹುಡುಕುತ್ತಿದ್ದ ರಸಾಯನತಜ್ಞ ವಿಂತ್ಸೆ ವಾರ್ತಾ ಜೊತೆ ಕೈಜೋಡಿಸಿದರು. 1893ರ ಹೊತ್ತಿಗೆ ಹೊಸ ಮೆರುಗು ಸಿದ್ಧವಾಯಿತು. ಗ್ರೀಕರ ಮುಂಜಾವಿನ ದೇವತೆ ಇಯೋಸ್ ಹೆಸರಿನಿಂದ ಅದು ಇಯೋಸಿನ್ ಆಯಿತು.

ಇದು ಬಣ್ಣ ಬಳಿದು ಬರುವ ಹೊಳಪಲ್ಲ. ಮೊದಲೇ ಸುಟ್ಟ, ಮೆರುಗು ಹಾಕಿದ ಪಾತ್ರೆಗೆ ಲೋಹದ ಲವಣ ಸವರಿ ಮತ್ತೆ ಆವಿಗೆಗೆ ಇಡುತ್ತಾರೆ. ಆಮೇಲೆ ಬೇಕಂತಲೇ ಹೊಗೆ ತುಂಬಿಸುತ್ತಾರೆ. ಉಸಿರುಕಟ್ಟಿದ ಬೆಂಕಿ ಆ ಲವಣದೊಳಗಿನ ಆಮ್ಲಜನಕವನ್ನೇ ಎಳೆದುಕೊಳ್ಳುತ್ತದೆ. ಮೆರುಗಿನ ಮೇಲೆ ತೆಳ್ಳನೆಯ ಲೋಹದ ಪೊರೆ ಉಳಿಯುತ್ತದೆ. ಗಾಳಿ ಸ್ವಲ್ಪ ಜಾಸ್ತಿಯಾದರೂ ಹೊಳಪು ಹೋಯಿತು.

ಹಿಮಕ್ಕೆ ಬಿರುಕು ಬಿಡದ, ಕಟ್ಟಡಗಳಿಗೆ ಬಳಸುವ ಸುಟ್ಟ ಮಣ್ಣು ಪೈರೋಗ್ರಾನಿಟ್ ಕೂಡ ಇವರದೇ. ಬುಡಾಪೆಸ್ಟ್‌ನ ಅನ್ವಯಿಕ ಕಲೆಗಳ ವಸ್ತುಸಂಗ್ರಹಾಲಯವನ್ನು ವಾಸ್ತುಶಿಲ್ಪಿ ಎಡೆನ್ ಲೆಖ್ನರ್ ಇದರಿಂದಲೇ ಸಿಂಗರಿಸಿದರು. ಅದೇ ನಗರದ ಮಥಿಯಾಸ್ ಚರ್ಚಿನ ಬಣ್ಣದ ಹೆಂಚುಗಳೂ ಈ ಕಾರ್ಖಾನೆಯವೇ.

ಮೊದಲ ಮಹಾಯುದ್ಧದಲ್ಲಿ ಇಲ್ಲಿ ವಿದ್ಯುತ್ ಇನ್ಸುಲೇಟರ್‌ ಮಾಡಬೇಕಾಯಿತು. 1948ರಲ್ಲಿ ಸರ್ಕಾರ ಕಾರ್ಖಾನೆಯನ್ನು ಮನೆತನದಿಂದ ಕಿತ್ತುಕೊಂಡಿತು, ಝೋಲ್ನಾಯ್ ಹೆಸರನ್ನೂ ತೆಗೆದುಹಾಕಿತು. ಹಲವು ತಲೆಮಾರು ದುಡಿದ ಹೆಸರನ್ನು ಹೀಗೆ ಒರೆಸಿದ್ದು ಅನ್ಯಾಯವೇ ಅಲ್ವಾ? ಆ ಹೆಸರು ಮರಳಲು ದಶಕಗಳೇ ಬೇಕಾದವು.

ಹಳೆಯ ಕಾರ್ಖಾನೆಯ ಆವರಣ ಈಗ ಸಾಂಸ್ಕೃತಿಕ ಕೇಂದ್ರ. ಪಕ್ಕದ ದಿಬ್ಬದ ಮೇಲೆ ವಿಲ್ಮೋಶ್ ಅವರ ಸಮಾಧಿ ಇದೆ. ಒಳಗಿನ ಶವಪೆಟ್ಟಿಗೆಗೂ ಇಯೋಸಿನ್ ಮೆರುಗು.