ಫಾಂಡ್: ಮೊದಲು ಹುಚ್ಚು, ಆಮೇಲೆ ಅಕ್ಕರೆ

ಕಲಬುರಗಿಯ ನಮ್ಮ ಓಣಿಯ ಹತ್ತನೇ ತರಗತಿಯ ಹುಡುಗಿ ಇಂಗ್ಲಿಷ್ ನೋಟ್‌ಬುಕ್ ಹಿಡಿದು ಬಂದಿದ್ದಳು. ‘ಐ ಫಾಂಡ್ ಮಾಲಪುರಿ’ ಎಂಬ ಸಾಲಿಗೆ ಕೆಂಪು ಗೆರೆ ಬಿದ್ದಿತ್ತು. “ಲವ್ ಅಂದ್ರ ನಡೀತದ, ಫಾಂಡ್ ಅಂದ್ರ ಯಾಕ ನಡಿಯಂಗಿಲ್ಲ?” ಎಂದು ಕೇಳಿದಳು.

ಕೇಳಬೇಕಾದ ಪ್ರಶ್ನೆಯೇ. ಅಲ್ಲಿ ಲವ್ ಕ್ರಿಯಾಪದ, ಫಾಂಡ್ ಗುಣವಾಚಕ. ಹಾಗಾಗಿ ‘ಐ ಆಮ್ ಫಾಂಡ್ ಆಫ್ ಮಾಲಪುರಿ’ ಎನ್ನಬೇಕು. ಓದುವುದು ಇಷ್ಟ ಎನ್ನಲು ‘ಫಾಂಡ್ ಆಫ್ ರೀಡಿಂಗ್’. ‘ಫಾಂಡ್ ಟು ರೀಡ್’ ತಪ್ಪು. ವ್ಯಾಕರಣ ಇಷ್ಟೇ.

ಅರ್ಥದ ಮಾತು ಮಾತ್ರ ಇಷ್ಟಕ್ಕೇ ಮುಗಿಯುವುದಿಲ್ಲ. ಮಧ್ಯಕಾಲದ ಇಂಗ್ಲಿಷಿನವರ ಬಾಯಲ್ಲಿ ‘ಫಾನ್’ ಎಂದರೆ ದಡ್ಡ, ತಿಳಿಗೇಡಿ. 14ನೇ ಶತಮಾನದಲ್ಲಿ ‘ಫಾಂಡ್’ ಆದವನು ಬುದ್ಧಿಗೆಟ್ಟವನು. ಷೇಕ್ಸ್‌ಪಿಯರ್‌ನ ಮುದಿ ರಾಜ ಲಿಯರ್ ತನ್ನನ್ನು ತಾನೇ ಫಾಂಡ್ ಎಂದು ಕರೆದುಕೊಳ್ಳುವಾಗ ಮರುಳ ಎಂದೇ ಅರ್ಥ. ಬುದ್ಧಿ ಮರೆಸುವಷ್ಟು ಒಬ್ಬರನ್ನು ಹಚ್ಚಿಕೊಂಡವನಿಗೂ ಅದೇ ಹೆಸರು ಅಂಟಿತು. ಬರಬರುತ್ತ ದಡ್ಡತನ ಕರಗಿ ಅಕ್ಕರೆ ಉಳಿಯಿತು.

ಇದು ನಮಗೇನೂ ಹೊಸದಲ್ಲ. ‘ಮರುಳು’ ಎಂದರೆ ಹುಚ್ಚು. ಹಳಗನ್ನಡದಲ್ಲಿ ಪಿಶಾಚಿಯೂ ಹೌದು. ಆದರೂ ‘ಆಕೆಯ ಹಾಡಿಗೆ ಮರುಳಾದೆ’ ಎನ್ನುತ್ತೇವೆ. ನಮ್ಮೂರಿನ ದಖನಿ ಮಾತಿನಲ್ಲಿ ‘ದೀವಾನಾ’ ಕೂಡ ಹೀಗೇ: ಫಾರಸಿಯ ‘ದೇವ್’ ಎಂದರೆ ಭೂತ, ಅದು ಹಿಡಿದವನು ದೀವಾನಾ, ಈಗ ಪ್ರೇಮಿ. ಬಂದೇ ನವಾಜ್ ದರ್ಗಾದ ಸುತ್ತಲಿನ ಓಣಿಗಳಲ್ಲಿ ಒಂದೇ ಮನೆಯ ಜಗಲಿಯ ಮೇಲೆ ಎರಡೂ ಪದ ಕೇಳಬಹುದು. ಅಜ್ಜಿ ಮೊಮ್ಮಗನ ಕೆನ್ನೆ ಸವರಿ ‘ಏ ಹುಚ್ಚಪ್ಯಾಲಿ’ ಎಂದರೆ ಅದು ಬೈಗುಳವೆಂದು ಯಾರಾದರೂ ತಿಳಿದಾರೆಯೇ? ಪ್ರೀತಿ ಉಕ್ಕಿದಾಗ ಬುದ್ಧಿಯ ಲೆಕ್ಕ ತಪ್ಪುತ್ತದೆಂದು ಮೂರು ಭಾಷೆಯವರೂ ಬೇರೆಬೇರೆಯಾಗಿ ಕಂಡುಕೊಂಡದ್ದು ನನಗೆ ಬಹಳ ಸಂತೋಷ ಕೊಡುತ್ತದೆ.

ಇಂದಿನ ಫಾಂಡ್‌ಗೆ ಅಷ್ಟು ಆವೇಶವಿಲ್ಲ. ಅದು ಲವ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಲೈಕ್‌ಗಿಂತ ಮೇಲೆ. ದಿನಗಳೆದಂತೆ ನೆಲೆಯೂರುವ ಮಮತೆ. “ಆಕಿಗಿ ಮೊಮ್ಮಗನ ಮ್ಯಾಲ ಭಾಳ ಜೀವ ಅದ” ಎನ್ನುತ್ತಾರಲ್ಲ, ಆ ‘ಜೀವ’ವೇ ಫಾಂಡ್‌ಗೆ ಸರಿಸಾಟಿ. ‘ಇಷ್ಟಪಡುವ’ ಎಂಬ ಗೈಡಿನ ಅರ್ಥ ಇದರ ಮುಂದೆ ಸಪ್ಪೆ. ತಿನಿಸಿಗೆ, ಹವ್ಯಾಸಕ್ಕೆ ಮಾತ್ರ ‘ಜೀವ’ ಒಗ್ಗದು. ಅಲ್ಲಿ ‘ಹುಚ್ಚು’ ಚೆನ್ನ: ಮಾಲಪುರಿ ಹುಚ್ಚು, ಓದಿನ ಹುಚ್ಚು.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ‘ಫಾಂಡ್ ಮೆಮೊರೀಸ್’ ಎಂದರೆ ಸವಿನೆನಪು, ಆದರೆ ‘ಫಾಂಡ್ ಹೋಪ್’ ಎಂದಾಗ ಸವಿಯಾದ ಆಸೆ ಎಂದು ಅನುವಾದಿಸಿದರೆ ಕೆಡುತ್ತದೆ. ಅದು ಕೈಗೂಡದ ಭೋಳೆ ಆಸೆ. ಮಳೆ ಕೈಕೊಟ್ಟ ವರ್ಷ ತೊಗರಿ ಹೊಲ ನೋಡುತ್ತ ‘ಈ ಸಲ ಸಾಲ ತೀರ್‍ತದ’ ಅಂದುಕೊಳ್ಳುವುದಿದೆಯಲ್ಲ, ಅಂಥದು.

ಇದೇ ಬೇರಿನ ‘ಫಾಂಡಲ್’ ಬಗ್ಗೆ ಎಚ್ಚರ ಬೇಕು. ಹಿಂದೆ ಮುದ್ದಿಸು ಎಂದಷ್ಟೇ ಇದ್ದದ್ದು ಈಗ ಬಹಳ ಸಲ ಕೆಟ್ಟ ಉದ್ದೇಶದಿಂದ ಮೈಮುಟ್ಟುವುದನ್ನು ಹೇಳುತ್ತದೆ. ಮಗುವನ್ನು ಎತ್ತಿ ಮುದ್ದಾಡಿದೆ ಎನ್ನಲು ‘ಕಡಲ್’ ಬಳಸಿ.